ತೋಳಿನುದ್ದ

ಪಾರಸ್‌ಮಲ್ ಅಂಗಡಿಯಲ್ಲಿ ಉಲ್ಲನ್ ತೂಕಕ್ಕೆ ಕೊಡುತ್ತಾರೆ,
ತೊಗರಿಬೇಳೆಯ ಹಾಗೆ.
ಗಾಂಧಿಬಜಾರಿನ ಆ ಸಂದಿಗೆ ನಾನು ಹೋಗುವುದು ದೀಪಾವಳಿ ಕಳೆದ ಮೇಲೆ,
ಕೈಚೀಲದಲ್ಲಿ ಒಂದು ಚೀಟಿ:
ಅತ್ತೆಯ ಎದೆಸುತ್ತು, ಭಾವನ ಹೊಟ್ಟೆಸುತ್ತು,
ಹುಟ್ಟಲಿರುವ ಒಂದು ಕೂಸಿನ ಅಂದಾಜು ತಲೆ.

ಬ್ಲಡ್‌ಬ್ಯಾಂಕಿನ ರಾತ್ರಿಪಾಳಿ. ಫ್ರಿಜ್ಜು ಗುಂಯ್‌ಗುಡುತ್ತದೆ.
ಯಾರೂ ಬರದಿದ್ದರೆ ಒಳ್ಳೆಯದು, ಒಂದು ಬೆನ್ನು ಮುಗಿಯುತ್ತದೆ.
ಬಂದರೆ ಕಡ್ಡಿಯನ್ನು ಉಂಡೆಗೆ ಚುಚ್ಚಿಟ್ಟು ಏಳುತ್ತೇನೆ.
ಎಲ್ಲಿ ಎದ್ದಿದ್ದೆನೆಂದು ಆಮೇಲೆ ಹೆಣಿಗೆಯೇ ಹೇಳುತ್ತದೆ:
ಆ ಸಾಲು ಉಳಿದವಕ್ಕಿಂತ ಒಂಚೂರು ಬಿಗಿ.
ಮಾವನ ಸ್ವೆಟರಿನಲ್ಲಿ ಅಂಥವು ಹನ್ನೊಂದು.
ಅವರು ಅದನ್ನು ತೊಡುವುದಿಲ್ಲ,
ಮಡಚಿ ತಲೆದಿಂಬಿನ ಮೇಲೆ ಹಾಸಿಕೊಳ್ಳುತ್ತಾರೆ.
ಇರಲಿ. ಕೊಟ್ಟ ಮೇಲೆ ಅದು ಮೈಗೋ ತಲೆಗೋ
ನಾನ್ಯಾಕೆ ಕೇಳಲಿ.

ಹೀಗೆ ಈಗ ಅನ್ನುತ್ತೇನೆ.
ಜಲಜಾಕ್ಷಿಯ ವಿಷಯದಲ್ಲಿ ಅನ್ನಲಿಲ್ಲ.

ಕಾನ್ವೆಂಟಿನಲ್ಲಿ ನಮ್ಮದು ಒಂದೇ ಬೆಂಚು.
ಸಿಸ್ಟರ್ ಬೆನೆಡಿಕ್ಟಾ ಸೈಕಲ್ಲಿನ ಕಡ್ಡಿಯನ್ನು ಕಲ್ಲಿಗೆ ಉಜ್ಜಿ ಕೊಟ್ಟು ಕಲಿಸುತ್ತಿದ್ದರು,
ಎರಡು ಸೀದಾ, ಎರಡು ಉಲ್ಟಾ.
ಇವಳದು ಯಾವಾಗಲೂ ಎರಡು ಸೀದಾ, ಮೂರು ಉಲ್ಟಾ,
ನೂಲನ್ನು ಎಮ್ಮೆಯ ಹಗ್ಗದಂತೆ ಜಗ್ಗುವುದು.
‘ನೀನು ಹೆಣೆದದ್ದು ಚಾ ಸೋಸಲಿಕ್ಕೂ ಆಗಲ್ಲ ಕಣೆ, ನೀರೇ ಇಳಿಯಲ್ಲ’
ಅಂದಿದ್ದೆ, ಎಲ್ಲರೆದುರು.
ನಕ್ಕು ಕಡ್ಡಿ ಕೆಳಗಿಟ್ಟವಳು ಮತ್ತೆ ಹಿಡಿಯಲಿಲ್ಲ.

ಅವಳ ಮಗನಿಗೆ ಆರು ತುಂಬಿದಾಗ ಹಸಿರು ಸ್ವೆಟರು,
ಗಿಳಿಯ ಹಸಿರಲ್ಲ, ಪಾಚಿಯದಲ್ಲ, ಎಳೆ ಹೀರೇಕಾಯಿಯದು.
ಮೂರು ವಾರ ಹೆಣೆದೆ.
ಕೊಟ್ಟ ಮೂರನೆಯ ದಿನ ಅವಳ ಗಂಡ ಸ್ಕೂಟರಿನಲ್ಲಿ ಬಂದು
ಗೇಟಿನಲ್ಲೇ ಒಂದು ಕವರು ಕೊಟ್ಟರು.
‘ಉಲ್ಲನ್ನಿನ ದುಡ್ಡಾದರೂ ತಗೊಳ್ಳಿ, ಋಣ ಯಾಕೆ.’
ಮೇಲೆ ನನ್ನ ಹೆಸರು, ಅವಳ ಅಕ್ಷರದಲ್ಲಿ.
ಒಳಗೆ ಮುನ್ನೂರು.
ಮುಯ್ಯಿಯ ಕವರಾದರೆ ಮೇಲೊಂದು ರೂಪಾಯಿ ಇರುತ್ತದೆ.
ಅದಿರಲಿಲ್ಲ.

ಕಡ್ಡಿಗಳ ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಹಾಕಿದೆ.
ಮೂರು ಚಳಿಗಾಲ ಅದರ ಮೇಲೆ ಕಡ್ಡಿ ಗಲಗಲ ಅಂದವು.
ವಿನೋಬನಗರದಲ್ಲಿ ಅವಳು, ಗೋಪಾಳದಲ್ಲಿ ನಾನು.
ನಡುವೆ ಒಂದು ಸಿಟಿಬಸ್ಸು. ನಾನೂ ಹತ್ತಲಿಲ್ಲ.

ಮೊನ್ನೆ ಪಾಳಿ ಮುಗಿಸಿ ಹೊರಟಾಗ
ಸಾಗರ ರಸ್ತೆಯಿಂದ ಮಂಜು ಇನ್ನೂ ಎದ್ದಿರಲಿಲ್ಲ.
ಬಸ್ಸಿನ ಎದುರು ಸೀಟಿನಲ್ಲಿ ಕಿಟಕಿಯ ಸರಳು ಹಿಡಿದ ಒಂದು ಕೈ.
ಮೊದಲು ಹಸಿರು ಕಂಡಿತು, ಆಮೇಲೆ ಸುಹಾಸ.
ನನ್ನ ತೋಳು ಮಣಿಕಟ್ಟಿಗೆ ನಾಲ್ಕು ಬೆರಳು ಮೊದಲೇ ಮುಗಿದಿತ್ತು.
ಅಲ್ಲಿಂದ ಮುಂದೆ ಬೇರೆ ನೂಲು, ಕಂದು,
ಹಗ್ಗದ ಬಿಗಿ,
ಎರಡು ಸೀದಾ, ಮೂರು ಉಲ್ಟಾ.

ಆ ಜಗ್ಗು ಇಡೀ ಶಿವಮೊಗ್ಗದಲ್ಲಿ ಒಬ್ಬಳದೇ.
ಯಾರಿಂದ ಕಡ್ಡಿ ಕಡ ತಂದಳೋ, ಎಷ್ಟು ಸಲ ಬಿಚ್ಚಿದಳೋ.
ನನ್ನ ಕೊನೆಯ ಸುತ್ತಿನ ನಲವತ್ತೆರಡು ಕುಣಿಕೆ
ಎತ್ತಿಕೊಂಡಿದ್ದಳು, ಒಂದನ್ನೂ ಬಿಡದೆ.
‘ಚಳಿಯಾಗಲ್ವೇನೋ’ ಎಂಬ ನೆವದಲ್ಲಿ ಕೈ ಹಿಡಿದು
ಎಣಿಸಿ ನೋಡಿದೆ.

‘ಅಮ್ಮ ಹಾಕಿದ್ದು ಕೆರೆಯುತ್ತೆ ಆಂಟಿ. ಮೇಲಿಂದು ಕೆರೆಯಲ್ಲ.’

ಸುಳ್ಳೇಕೆ, ಒಂದು ಸ್ಟಾಪಿನಷ್ಟು ಹೊತ್ತು ಖುಷಿಯಾಯಿತು.
ಮುಂದಿನ ಸ್ಟಾಪಿಗೆ ಅವನು ಇಳಿದುಹೋದ,
ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಇವತ್ತು ಆ ಕವರು ಹಿಡಿದು ಪಾರಸ್‌ಮಲ್ಲರ ಮುಂದೆ ನಿಂತೆ.
‘ಆ ಹಸಿರು ಈಗ ಬರಲ್ಲಮ್ಮ.’
ಕಂದು ಕೊಡಿ ಎಂದೆ. ಏಳು ಬಗೆಯ ಕಂದು ಸುರಿದರು.
ಬಾಗಿಲ ಬೆಳಕಿಗೆ ಹಿಡಿದು ನೋಡಿ ಒಂದನ್ನು ತೂಗಿಸಿದೆ,
ಮುನ್ನೂರಕ್ಕೆ ಎಷ್ಟು ಬರುತ್ತದೋ ಅಷ್ಟು.
ಮೇಲೊಂದು ರೂಪಾಯಿ ಇಟ್ಟೆ.
ಅವರು ನಾಣ್ಯ ನೋಡಿದರು, ನನ್ನನ್ನು ನೋಡಿದರು,
ಗಲ್ಲಾಕ್ಕೆ ಹಾಕಿಕೊಂಡರು.

ಚೀಟಿಯಲ್ಲಿ ಅವಳ ಎದೆಸುತ್ತು ಇಲ್ಲ.
ಅಂದಾಜಿಗೆ ಹೆಣೆಯುವ ಹಾಗೂ ಇಲ್ಲ,
ಮೂರು ವರ್ಷವಾಯಿತು ನೋಡಿ.
ಬಸ್ಸು ಹತ್ತಿ ಹೋಗಿ ಅಳೆದುಕೊಂಡೇ ಬರಬೇಕು.